ಒಂದು ಗೂಟ, ಎರಡು ಟವಲ್ಲು

ನಮ್ಮ ಶೆಡ್ಡಿನ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಮರದ ಗೂಟ ಇದೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಲೂ ಇತ್ತು. ಆಗ ಅದಕ್ಕೆ ಎತ್ತಿನ ಹಗ್ಗ ನೇತು ಹಾಕುತ್ತಿದ್ದರು. ಎತ್ತು ಹೋಯಿತು, ಹಗ್ಗದ ಜಾಗಕ್ಕೆ ಟವಲ್ಲು ಬಂತು. ಕಂಪ್ಯೂಟರಿನ ಸಂಗತಿ ಬರೆಯಲು ಕೂತವಳು ಗೂಟದಿಂದ ಯಾಕೆ ಶುರು ಮಾಡಿದೆ ಎಂದು ಕೇಳಬೇಡಿ. ನನಗೆ ಆ ಸಂಗತಿ ಅರ್ಥವಾದದ್ದೇ ಗೂಟದಿಂದ. ಓದಿದ್ದು ಮೂರನೇ ಕ್ಲಾಸು. ಗೊತ್ತಿರುವಷ್ಟು ಬರೆಯುತ್ತೇನೆ.

ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ಚಂದ್ರಿಕೆ ಬಾಡಿಗೆಗೆ ಕೊಡುವುದು ನಮ್ಮ ಕಸುಬು. ಚಂದ್ರಿಕೆ ಎಂದರೆ ಆಳುದ್ದದ ಬಿದಿರಿನ ತಟ್ಟಿ, ಅದರ ಮೇಲೆ ಬಿದಿರಿನ ತೆಳು ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ರೇಷ್ಮೆ ಹುಳು ಹಣ್ಣಾದಾಗ ಆ ಸುರುಳಿಗಳ ಸಂದಿಯಲ್ಲಿ ಬಿಟ್ಟರೆ ಗೂಡು ಕಟ್ಟುತ್ತದೆ. ಹಣ್ಣಾದ ಹುಳು ಯಾರ ಮಾತನ್ನೂ ಕೇಳುವುದಿಲ್ಲ. ಸೊಪ್ಪು ಬಿಡುತ್ತದೆ, ಮೈ ಹಳದಿ ಗಾಜಿನ ಹಾಗಾಗುತ್ತದೆ, ತಲೆ ಎತ್ತಿ ಜಾಗ ಹುಡುಕುತ್ತದೆ. ಆ ದಿನ ಚಂದ್ರಿಕೆ ಇಲ್ಲ ಎಂದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ತಾನೂ ಕೆಡುತ್ತದೆ, ಸಾಕಿದವರನ್ನೂ ಕೆಡಿಸುತ್ತದೆ. ಒಂದು ಬೆಳೆಯಲ್ಲಿ ನಾಲ್ಕಾರು ದಿನ ಬೇಕಾಗುವ ಸಾಮಾನು ಅದು. ಎಲ್ಲರೂ ಅದನ್ನು ಮನೆಯಲ್ಲಿ ಪೇರಿಸಿಕೊಂಡು ಕೂರಲಾಗುವುದಿಲ್ಲ. ನಮ್ಮ ಹತ್ತಿರ ಬರುತ್ತಾರೆ.

ಟವಲ್ಲಿನ ಪದ್ಧತಿ ಹೀಗೆ. ಚಂದ್ರಿಕೆ ಬೇಕಾದವರು ಬಂದು ತಮ್ಮ ಟವಲ್ಲನ್ನು ಗೂಟಕ್ಕೆ ಹಾಕಬೇಕು, ಎಷ್ಟು ಬೇಕು ಎಂದು ನನಗೆ ಹೇಳಿ ಹೋಗಬೇಕು. ಗಾಡಿಯವನು ಅಷ್ಟನ್ನು ತುಂಬಿಕೊಂಡು, ಗೂಟದ ಟವಲ್ಲನ್ನು ಹೊರೆಯ ಮೇಲೆ ಹಾಕಿಕೊಂಡು ಹೊರಡುತ್ತಾನೆ. ಯಾರ ಟವಲ್ಲೋ ಅವರ ಮನೆಗೆ ಹೊರೆ. ಮನೆಯವರು ಟವಲ್ಲು ವಾಪಸ್ ಇಸಿದುಕೊಂಡರೆ ಸಾಮಾನು ಸೇರಿತು ಎಂದು ಅರ್ಥ. ಸುತ್ತಲಿನ ಹಳ್ಳಿಗಳ ಟವಲ್ಲೆಲ್ಲ ನನಗೂ ಗೊತ್ತು, ಗಾಡಿಯವನಿಗೂ ಗೊತ್ತು. ಒಂದು ಟವಲ್ಲು ಗೂಟದಲ್ಲಿ ಇರುವಾಗ ಇನ್ನೊಬ್ಬರು ಬಂದರೆ ಹೊರಗೆ ಜಗಲಿಯ ಮೇಲೆ ಕೂತು ಟೀ ಕುಡಿಯಬೇಕು. ಗೂಟ ಖಾಲಿಯಾದ ಮೇಲೆ ಅವರ ಸರದಿ. ಅವಸರ ಮಾಡಿದವರಿಗೆ ನಾನು ಬೈಯುತ್ತಿದ್ದೆ. ಬೈಸಿಕೊಂಡವರು ಮುಂದಿನ ಬೆಳೆಗೂ ನಮ್ಮಲ್ಲಿಗೇ ಬರುತ್ತಿದ್ದರು.

ಮೊಮ್ಮಗಳು ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ಓದಿ ಮುಗಿಸಿ ಮನೆಯಲ್ಲೇ ಇದ್ದಳು. ಶೆಡ್ಡು ನೋಡಿಕೊಳ್ಳುವುದರಲ್ಲಿ ನನಗೆ ಜೊತೆ. ಒಂದು ದಿನ ಜಗಲಿಯ ಮೇಲೆ ಕಾದು ಕೂತಿದ್ದವರನ್ನು ನೋಡಿ ಅವಳ ತಲೆಗೆ ಏನೋ ಹೊಳೆಯಿತು.

“ಅಜ್ಜೀ, ಇನ್ಮೇಲೆ ಯಾರೂ ಬಸ್ ಹತ್ಕೊಂಡು ಟವಲ್ ನೇತಾಕಕ್ಕೆ ಬರೋದು ಬೇಡ. ಫೋನಲ್ಲೇ ಹೇಳ್ಬೋದು.”

“ಫೋನಲ್ಲಿ ಟವಲ್ ನೇತಾಕ್ತಾರೇನೇ?”

“ಹಂಗೇ ಅನ್ಕೊ.”

“ಒಗೆಯೋದೂ ಫೋನಲ್ಲೇನಾ?”

“ಅಜ್ಜೀ, ಸುಮ್ನಿರು ಕಣೇ.”

ನನ್ನನ್ನು ಕಣೇ ಎನ್ನುವವಳು ಈ ಭೂಮಿಯ ಮೇಲೆ ಅವಳೊಬ್ಬಳೇ. ಬೇರೆ ಯಾರಾದರೂ ಅಂದಿದ್ದರೆ ಕಾಣುತ್ತಿತ್ತು.

ಗೂಟದ ಎದುರಿಗೇ ಮಣೆ ಹಾಕಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಒಬ್ಬರು ಬಂದರೆ ನಾನು ಮೊದಲು ಏನು ಮಾಡುತ್ತೇನೆ, ಆಮೇಲೆ ಏನು ಮಾಡುತ್ತೇನೆ ಎಂದು ಒಂದೊಂದಾಗಿ ಕೇಳಿದಳು. ಮುಖ ನೋಡುತ್ತೇನೆ ಎಂದೆ. ಟವಲ್ಲು ಹಾಕು ಅನ್ನುತ್ತೇನೆ ಎಂದೆ. ಎಷ್ಟು ಬೇಕು ಅಂತ ಕೇಳುತ್ತೇನೆ, ಗಾಡಿಯವನನ್ನು ಕೂಗುತ್ತೇನೆ ಎಂದೆ. ಅವಳು ಅದನ್ನೇ ಹಾಗೇ ಬರೆದಳು. ಫೋನಿನಲ್ಲಿ ನಮ್ಮ ಪುಟ ತೆಗೆದರೆ ಮೊದಲು ನಿಮ್ಮ ಮನೆ ಯಾವುದು ಎಂದು ಕೇಳುತ್ತದೆ. ಮನೆ ಒತ್ತಿದರೆ ಇನ್ನೊಂದು ಪುಟ. ಎಷ್ಟು ಚಂದ್ರಿಕೆ, ಯಾವ ದಿನ ಎಂದು ಕೇಳುತ್ತದೆ. ಕೊನೆಗೆ ‘ಕಳಿಸಿ’ ಎಂದು ಒತ್ತಬೇಕು. ಒತ್ತಿದರೆ ಆಟೋದವನ ಫೋನಿಗೆ ಮನೆಯ ಹೆಸರು, ಚಂದ್ರಿಕೆಯ ಲೆಕ್ಕ ಎರಡೂ ಹೋಗುತ್ತವೆ.

ನಾನು ಗಾಡಿಯವನು ಎಂದದ್ದು ಈ ಆಟೋದವನನ್ನೇ, ಶಿಡ್ಲಘಟ್ಟ ಪೇಟೆಯ ಮುಸ್ಲಿಮರ ಮನೆಯವನು. ಅವನ ತಂದೆ ನಮಗೆ ಎತ್ತಿನ ಗಾಡಿ ಹೊಡೆಯುತ್ತಿದ್ದರು, ತಾಯಿ ನೂಲು ತೆಗೆಯುತ್ತಿದ್ದವರು. ಮನೆಯಲ್ಲಿ ಉರ್ದು, ನನ್ನ ಹತ್ತಿರ ಕನ್ನಡ, ಚಿಂತಾಮಣಿ ದಾರಿ ಹಿಡಿದರೆ ತೆಲುಗು. ಮೂರರಲ್ಲೂ ತಮಾಷೆ ಮಾಡುತ್ತಾನೆ.

“ಇದೇನಮ್ಮಾ, ನಂಗೆ ಟವಲ್ಲೇ ಚೆನ್ನಾಗಿತ್ತು. ಬಿಸ್ಲಿಗೆ ತಲೆಗೂ ಹಾಕ್ಕೋತಿದ್ದೆ.”

“ಅದಕ್ಕೇ ಅಣ್ಣಾ ಎಲ್ಲಾರೂ ಟವಲ್ ಬೆವರು ನಾತ ಅಂತಿದ್ದಿದ್ದು,” ಎಂದಳು ಮೊಮ್ಮಗಳು.

ಒತ್ತಿ ನೋಡಿದೆವು. ನಾನು ಒತ್ತಿದೆ, ಸರಿ ಬಂತು. ಅವಳು ಒತ್ತಿದಳು, ಸರಿ ಬಂತು. ಆಟೋದವನು ಒತ್ತಿದ, ಸರಿ ಬಂತು. ಒಬ್ಬರಾದ ಮೇಲೆ ಒಬ್ಬರು ಎಷ್ಟು ಸಲ ಒತ್ತಿದರೂ ತಪ್ಪಲಿಲ್ಲ. ಖುಷಿಗೆ ಅವಳು ನನ್ನ ಕೆನ್ನೆ ಹಿಂಡಿದಳು. ನಾನು ಅವಳ ಕೈಗೆ ಒಂದು ಬಿಟ್ಟೆ.

ಒಂದು ಸಣ್ಣ ತೊಂದರೆ ಮಾತ್ರ ಆಗ ಕಾಣಿಸಿತು. ಒಬ್ಬರು ಮನೆ ಒತ್ತಿ, ಹುಳುವಿಗೆ ಸೊಪ್ಪು ಹಾಕಲು ಎದ್ದು ಹೋಗಿ, ಬಹಳ ಹೊತ್ತಾದ ಮೇಲೆ ಬಂದು ‘ಕಳಿಸಿ’ ಒತ್ತಿದ್ದರು. ಆಟೋದವನ ಫೋನಿಗೆ ಚಂದ್ರಿಕೆಯ ಲೆಕ್ಕ ಬಂತು, ಮನೆ ಬರಲಿಲ್ಲ. “ಯಾರ್ ಮನೇಗಮ್ಮಾ? ಗಾಳಿಗೆ ತಗೊಂಡು ಹೋಗ್ಲಾ?” ಎಂದು ಕೇಳಿದ. ಮೊಮ್ಮಗಳು ತಲೆ ಕೆರೆದುಕೊಂಡು ನೋಡಿ ಹೇಳಿದಳು. ಈ ಪುಟ ಇರುವುದು ಎಲ್ಲೋ ದೂರದ ಬಾಡಿಗೆ ಕಂಪ್ಯೂಟರಿನಲ್ಲಂತೆ. ಸುಮಾರು ಹೊತ್ತು ಯಾರೂ ಬರದಿದ್ದರೆ ಅದು ನಮ್ಮ ಪುಟವನ್ನು ಮಲಗಿಸಿಬಿಡುತ್ತದಂತೆ. ಯಾರಾದರೂ ಬಂದರೆ ಎಬ್ಬಿಸುತ್ತದೆ. ಎದ್ದಾಗ ಅದಕ್ಕೆ ಹಿಂದಿನದು ಏನೂ ನೆನಪಿರುವುದಿಲ್ಲ.

“ಗೂಟ ಇರತ್ತೆ ಅಜ್ಜಿ, ಟವಲ್ ಇರಲ್ಲ.”

“ಯಾರ್ ತಗೊಂಡ್ರು?”

“ಯಾರೂ ತಗೊಳ್ಳಿಲ್ಲ. ಮನೆ ಬೀಳಿಸಿ ಹೊಸದಾಗಿ ಕಟ್ಟಿದಂಗೆ. ಹೊಸಾ ಗೂಟ, ಖಾಲಿ.”

ಮಲಗದ ಹಾಗೆ ಏನೋ ಮಾಡಿದಳು. ಅಷ್ಟಕ್ಕೆ ಸರಿಹೋಯಿತು ಎಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ.

ಈಗ ಕಳವಾರದವಳ ವಿಷಯ ಹೇಳಬೇಕು. ಕಳವಾರ ಚಿಕ್ಕಬಳ್ಳಾಪುರದ ಆಚೆ, ಸ್ಕಂದಗಿರಿ ಬೆಟ್ಟದ ಬುಡದಲ್ಲಿದೆ. ಅವಳು ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ನೆಂಟಸ್ತಿಕೆ ಏನೂ ಇಲ್ಲ. ನಮ್ಮ ಜಗಲಿಯಲ್ಲಿ ಕೂತು ಕೂತು ಅಕ್ಕ ತಂಗಿಯರಾದೆವು. ಅವಳ ಟವಲ್ಲು ಹಸಿರು ಚೌಕುಳಿಯದು, ಒಂದು ಮೂಲೆ ಸುಟ್ಟು ತೂತಾಗಿದೆ. ಬಾಯಿ ಜೋರು. ನನಗೆ ಅಂಥವರೇ ಇಷ್ಟ.

ಅವಳ ಹಿಂದಿನ ಬೆಳೆ ಸುಣ್ಣಕಟ್ಟು ರೋಗ ಬಂದು ಪೂರ್ತಿ ಗುಂಡಿಗೆ ಹೋಗಿತ್ತು. ಮಗನಿಗೆ ಅಷ್ಟೇ ಸಾಕಾಯಿತು. ಅವರ ಊರಿಗೆ ಈಗ ಬೆಟ್ಟ ಹತ್ತುವವರು ಗುಂಪು ಗುಂಪಾಗಿ ಬರುತ್ತಾರೆ. ಹುಳುಮನೆಯನ್ನು ಒಡೆದು ಸರಿಮಾಡಿ ಟೀ ತಿಂಡಿಯ ಹೋಟೆಲ್ಲು ಮಾಡೋಣ ಎಂದು ಮಗ ಹಟ ಹಿಡಿದ. ಇವಳು ಒಪ್ಪಲಿಲ್ಲ. ಕೊನೆಗೆ ಒಂದು ಮಾತಿಗೆ ಬಂದರು. ಈ ಬೆಳೆ ಚೆನ್ನಾಗಿ ಬಂದರೆ ಹುಳುಮನೆ ಹುಳುವಿಗೆ. ಕೆಟ್ಟರೆ ಹೋಟೆಲ್ಲಿಗೆ. ಮಗ ಕೆಟ್ಟವನಲ್ಲ. ತಾಯಿಯ ಬೆನ್ನು ಬಗ್ಗಿದ್ದನ್ನು ನೋಡಿ ಹೇಳಿದ್ದ. ಆದರೆ ಅವಳಿಗೆ ಹುಳು ಸಾಕುವುದು ಬಿಟ್ಟು ಬೇರೆ ಏನೂ ಬೇಡ. ಫೋನಿನಲ್ಲಿ ನನಗೆ ಹೇಳಿದಳು, “ಟೀ ಲೋಟ ತೊಳ್ಕೊಂಡು ಸಾಯಕ್ಕೆ ನಾನೇನ್ ಹುಟ್ಟಿದೀನಾ ಅಕ್ಕಾ?”

ಆ ಸಲ ಹುಳು ಎದ್ದವು. ನಾಲ್ಕು ಜ್ವರವನ್ನೂ ಚೆನ್ನಾಗಿ ದಾಟಿದವು. ಹುಳು ತಿನ್ನುವುದು ಬಿಟ್ಟು ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಚಳಿ ಇತ್ತು, ಮೋಡ ಇತ್ತು, ಎಲ್ಲ ಊರಲ್ಲೂ ಹುಳು ಮಂದವಾಗಿ ತಿನ್ನುತ್ತಿದ್ದವು. ಮೋಡ ಒಡೆದು ಬಿಸಿಲು ಬಿದ್ದದ್ದೇ ತಡ, ಚಿಕ್ಕಬಳ್ಳಾಪುರದ ಕಡೆ, ಚಿಂತಾಮಣಿ ಕಡೆ, ನಂದಿ ಕಡೆ ಎಲ್ಲ ಒಟ್ಟಿಗೆ ಹಣ್ಣಾಗಲು ಶುರುವಾಯಿತು. ಸಂಜೆಯಿಂದ ಮೊಮ್ಮಗಳ ಫೋನು ಕೂಗುತ್ತಲೇ ಇತ್ತು. ಗೌರಿಬಿದನೂರಿನವರು ಕೂಡ ಒತ್ತಿದ್ದರು.

“ಅಜ್ಜೀ, ನೋಡು ನೋಡು, ಜಗಲಿ ಮೇಲೆ ಇಷ್ಟು ಜನ ಕೂತಿದ್ರೆ ನಿಂಗೆ ಟೀ ಕಾಸೋದೇ ಆಗ್ತಿತ್ತು.”

ಬೆಳಗ್ಗೆ ಆಟೋದವನು ತುಂಬಿಕೊಂಡು ಹೋದ. ನಮ್ಮ ಜೊತೆ ಆಗಾಗ ಬರುವ ಇನ್ನೆರಡು ಗಾಡಿಗಳೂ ಹೋದವು. ಶೆಡ್ಡು ಖಾಲಿ. ಮೂಲೆಯಲ್ಲಿ ಸುರುಳಿ ಕಿತ್ತುಹೋದ ಹಳೆಯ ಚಂದ್ರಿಕೆಗಳು ಮಾತ್ರ ಉಳಿದವು. ನಾನು ಶೆಡ್ಡು ಗುಡಿಸುತ್ತಿದ್ದೆ. ಆಟೋದವನು ಚಿಂತಾಮಣಿ ಆಚೆಯ ಒಂದು ಹಳ್ಳಿಯಿಂದ ಫೋನು ಮಾಡಿದ.

“ಅಮ್ಮಾ, ಈಯಮ್ಮ ಚಂದ್ರಿಕೆ ಇಳಿಸ್ಕೊಳ್ಳಲ್ಲ ಅಂತಾರೆ. ನೀವೇ ಮಾತಾಡಿ.”

ಆ ಕಡೆಯಿಂದ ಮನೆಯಾಕೆಯ ಗಂಟಲು ಬಂತು. “ಎವರು ಅಡಿಗಾರು ಇವಿ? ಯಾರಮ್ಮಾ ಕೇಳಿದ್ದು ಇವನ್ನ? ನಮ್ಮ ಹುಳ ಇನ್ನಾ ಸೊಪ್ಪು ತಿಂತಾ ಇದಾವೆ. ನಾನು ಮನೆ ಒತ್ತಿ ಸುಮ್ನೆ ನೋಡ್ದೆ ಅಷ್ಟೆ. ಕಳಿಸಿ ಅನ್ಲಿಲ್ಲ.”

ಮೊಮ್ಮಗಳಿಗೆ ಫೋನು ಕೊಟ್ಟೆ. ಅವಳು ಲ್ಯಾಪ್‌ಟಾಪ್ ನೋಡಿ, “ಇಲ್ಲಿ ನಿಮ್ಮ ಮನೆ ಹೆಸರೇ ಇದೆಯಲ್ಲಮ್ಮಾ” ಎನ್ನುತ್ತಿದ್ದಳು. ಅಷ್ಟರಲ್ಲಿ ನನ್ನ ಫೋನು ಕೂಗಿತು. ಕಳವಾರದವಳು.

“ಅಕ್ಕಾ, ಎಲ್ಲಿ ಚಂದ್ರಿಕೆ? ಹುಳ ಗೋಡೆ ಹತ್ತಾ ಇದಾವೆ. ನಾನು ರಾತ್ರೀನೇ ಒತ್ತಿದೀನಿ. ಕನ್ನಡಕ ಹುಡುಕ್ಕೊಂಡ್ ಬರೋದು ಸ್ವಲ್ಪ ಹೊತ್ತಾಯ್ತು, ಆದ್ರೂ ಸರಿಯಾಗೇ ಒತ್ತಿದೀನಿ. ಎಲ್ಲಿ?”

ಮೊಮ್ಮಗಳು ನನ್ನ ಮುಖ ನೋಡಿದಳು. ಅವಳ ಮುಖ ಸುಣ್ಣದ ಹಾಗಾಗಿತ್ತು. ಕಳವಾರದವಳು ಕೇಳಿದಷ್ಟೇ ಚಂದ್ರಿಕೆ ಚಿಂತಾಮಣಿ ಕಡೆ ಹೋಗಿದ್ದವು. ಒಂದು ಕೂಡ ಹೆಚ್ಚು ಕಡಿಮೆ ಇಲ್ಲ. ಲೆಕ್ಕ ಇವಳದು, ಮನೆ ಅವಳದು.

“ತಪ್ಪು ನಂದು ಅಜ್ಜಿ.”

“ಯಾರ್ದು ಅಂತ ಆಮೇಲೆ ನೋಡಣ. ಗಾಡಿ ತಿರುಗಿಸು ಅನ್ನು.”

ಆಟೋದವನಿಗೆ ಅಲ್ಲಿಂದ ನೇರ ಕಳವಾರಕ್ಕೆ ಬಾ ಎಂದೆವು. ಚಿಂತಾಮಣಿ ಒಂದು ದಿಕ್ಕು, ಕಳವಾರ ಇನ್ನೊಂದು ದಿಕ್ಕು, ನಾವು ನಡುವೆ. ಹೊರೆ ಹೊತ್ತ ಆಟೋ ಓಡುವ ಓಟ ನನಗೆ ಗೊತ್ತು. ಕಳವಾರದವಳಿಗೆ, “ತೊಗರಿ ಕಡ್ಡಿ ಇದ್ಯಾ?” ಎಂದೆ. ಒಲೆಗೆ ಅಂತ ಒಟ್ಟಿದೀನಿ ಎಂದಳು. “ಅದನ್ನ ಹಾಸು. ಮಾವಿನ ಒಣ ಸೊಪ್ಪು ಕಟ್ಟಿ ಮಧ್ಯ ಮಧ್ಯ ಇಡು. ಮುಂಚೆ ಹಣ್ಣಾಗಿರೋವ್ನ ಅಲ್ಲಿಗೆ ಬಿಡು. ನಾವು ಬರ್ತಾ ಇದೀವಿ.”

“ನೀನು ಬಂದೇನ್ ಮಾಡ್ತೀಯ, ಚಂದ್ರಿಕೆ ಬರ್ಲಿ!” ಎಂದು ಕೂಗಿ ಇಟ್ಟಳು. ಸರಿಯಾದ ಮಾತೇ.

ಮೊಮ್ಮಗಳ ಸ್ಕೂಟರಿನ ಹಿಂದೆ ಕೂತೆ. ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರದವರೆಗೂ ಅವಳು ಗಾಡಿಯನ್ನು ಎಲ್ಲೂ ನಿಧಾನ ಮಾಡಲಿಲ್ಲ. ಬೆನ್ನಿಗೆ ಕೈ ಹಾಕಿಕೊಂಡು ಕೂತೆ. ಎದುರಿಗೆ ಬೆಟ್ಟ ಕಂಡಾಗ, “ಅಜ್ಜೀ, ಆಯಮ್ಮ ನಂಗೆ ಬೈತಾರಾ?” ಎಂದಳು.

“ಬೈತಾಳೆ. ಬೈಯ್ದೇ ಇದ್ರೆ ಹೆದರ್ಕೋಬೇಕು.”

ಹುಳುಮನೆಯ ಒಳಗೆ ಹೋದರೆ ಮಳೆ ಹನಿದ ಹಾಗೆ ಸದ್ದು ಇರಬೇಕಿತ್ತು, ಹುಳು ಸೊಪ್ಪು ತಿನ್ನುವ ಸದ್ದು. ಅದು ನಿಂತಿತ್ತು. ಎಲ್ಲ ತಲೆ ಎತ್ತಿದ್ದವು. ಕೆಲವು ತಟ್ಟೆಯ ಅಂಚಿಗೆ ಬಂದು ನೂಲು ಎಳೆಯುತ್ತಿದ್ದವು. ಕಳವಾರದವಳು ಕುಕ್ಕುರುಗಾಲಿನಲ್ಲಿ ಕೂತು ಹಳದಿಯಾದವನ್ನು ಆರಿಸಿ ತೊಗರಿ ಕಡ್ಡಿಯ ಮೇಲೆ ಬಿಡುತ್ತಿದ್ದಳು. ಮಗ ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ, ಬೇವಿನ ಮರದ ಕೆಳಗೆ, ಬೆಟ್ಟ ಇಳಿದು ಬಂದಿದ್ದ ನಾಲ್ಕಾರು ಜನ ಟೀ ಸಿಗುತ್ತದಾ ಎಂದು ಕೇಳುತ್ತಿದ್ದರು.

ಮೊಮ್ಮಗಳು ಅವಳ ಎದುರು ಕೂತು, “ಅಮ್ಮಾ, ಇದು ನಂದೇ ತಪ್ಪು. ನಾನ್ ಬರ್ದಿದ್ರಲ್ಲಿ ಏನೋ...” ಎಂದು ಶುರು ಮಾಡಿದಳು.

“ಬಾಯಿ ಆಮೇಲೆ ಆಡ್ಸು ಕಣೇ. ಕೈ ಆಡ್ಸು ಈಗ.”

ಆರಿಸಿದೆವು. ಹಣ್ಣು ಹುಳುವನ್ನು ಹಿಡಿಯುವುದಕ್ಕೆ ಒಂದು ಹದ ಇದೆ, ಒತ್ತಬಾರದು, ಬಿಡಲೂಬಾರದು. ಮೊಮ್ಮಗಳಿಗೆ ಚಿಕ್ಕಂದಿನಿಂದ ಅಭ್ಯಾಸ ಇತ್ತು. ತೊಗರಿ ಕಡ್ಡಿ ತುಂಬಿತು. ಮಾವಿನ ಸೊಪ್ಪು ತುಂಬಿತು. ಒಂದರ ಮೇಲೊಂದು ಬಿದ್ದು ಎರಡೆರಡು ಹುಳು ಸೇರಿ ಒಂದೇ ಗೂಡು ಕಟ್ಟಲು ನೋಡುತ್ತಿದ್ದವು. ಅಂಥ ಗೂಡಿನಿಂದ ನೂಲು ನೆಟ್ಟಗೆ ಬರುವುದಿಲ್ಲ. ಕಳವಾರದವಳು ಅವನ್ನು ಬಿಡಿಸುತ್ತಾ, ಹುಳುಗಳಿಗೇ ಬೈಯುತ್ತಿದ್ದಳು. “ಜಾಗ ಇಲ್ವಾ ನಿಮ್ಗೆ? ಗಂಡ ಹೆಂಡ್ತೀನಾ ನೀವು?”

ಮಗ ಹೊರಗಿನಿಂದ, “ಹೋಗ್ಲಿ ಬಿಡಮ್ಮಾ, ಆದಷ್ಟು ಆಗ್ಲಿ” ಎಂದ.

ಅವಳು ತಲೆ ಎತ್ತಲಿಲ್ಲ. “ನಿನ್ನ ಹೋಟ್ಲು ಓಡಿ ಹೋಗಲ್ಲ. ಹುಳ ಓಡಿ ಹೋಗ್ತದೆ. ಬಂದು ಕೂತ್ಕೊ.”

ಅವನು ಒಂದು ಗಳಿಗೆ ನಿಂತ. ಆಮೇಲೆ ಚಪ್ಪಲಿ ಬಿಟ್ಟು, ಕೈ ತೊಳೆದು ಒಳಗೆ ಬಂದು ಕೂತ. ಟೀ ಕೇಳಿದವರು ಕಾದು ಕಾದು ಹೋದರು.

ಹೊತ್ತು ನೆತ್ತಿ ದಾಟಿದ ಮೇಲೆ ಆಟೋ ಬಂತು. ಅವನು ಇಳಿಯುವ ಮೊದಲೇ ಕೂಗಿದ, “ಅಮ್ಮಾ, ಟವಲ್ ಇಲ್ಲ, ಇಳಿಸ್ಕೋತೀರಾ?” ಯಾರಿಗೂ ನಗಲು ಹೊತ್ತಿರಲಿಲ್ಲ. ಎಲ್ಲರೂ ಸೇರಿ ಚಂದ್ರಿಕೆ ಇಳಿಸಿ ನೆರಳಲ್ಲಿ ಒರಗಿಸಿದೆವು. ಅವನೂ ಕೂತು ಹುಳು ಬಿಟ್ಟ. ಅವನ ಮನೆಯಲ್ಲಿ ಗೂಡನ್ನು ಬಿಸಿನೀರಿಗೆ ಹಾಕುವುದನ್ನು ನೋಡಿಯೇ ಬೆಳೆದವನು. “ನಮ್ಮಮ್ಮ ನೋಡಿದ್ರೆ ಏನಂತಾರೋ, ಬೇಯಿಸೋ ಮನೆಯವ್ನು ತೊಟ್ಲಿಗೆ ಹಾಕ್ತಾ ಕೂತಿದೀನಿ,” ಎಂದ. ಆಗ ಕಳವಾರದವಳು ನಕ್ಕಳು. ಅವಳು ನಕ್ಕಮೇಲೆ ಮೊಮ್ಮಗಳು ಅತ್ತಳು. ಕೈ ನಿಲ್ಲಿಸಿರಲಿಲ್ಲ ಅವಳು, ಅದು ಸಾಕು.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲ ಹುಳು ಜಾಗ ಸೇರಿದವು. ಎಷ್ಟು ನಿಲ್ಲುತ್ತದೆ, ಎಷ್ಟು ಕೆಡುತ್ತದೆ ಎಂದು ಅಂದೇ ಹೇಳಲು ಆಗುವುದಿಲ್ಲ. ಗೂಡು ಬಲಿಯಬೇಕು.

ಆ ಗೂಡು ಬಲಿಯುವ ದಿನಗಳಲ್ಲಿ ಮೊಮ್ಮಗಳು ಪುಟವನ್ನು ಮುಚ್ಚಿಬಿಟ್ಟಿದ್ದಳು. ಮಾರನೇ ಬೆಳಗ್ಗೆಯೇ ತಪ್ಪು ಸಿಕ್ಕಿತ್ತು. ಗೂಟದ ಎದುರು ಮಣೆ ಹಾಕಿಕೊಂಡು ನನ್ನನ್ನೂ ಕೂರಿಸಿಕೊಂಡಳು.

“ಅಜ್ಜೀ, ಪುಟ ಎಲ್ಲಾರ ಫೋನಲ್ಲೂ ತೆಗೀಬೋದು. ಆದ್ರೆ ನೂರು ಜನ ಬಂದ್ರೂ ಒಳಗೆ ಓಡೋದು ಒಂದೇ ಪ್ರೋಗ್ರಾಂ. ನಾನು ಮನೆ ಹೆಸರು ಇಡೋ ಜಾಗಾನ ಸ್ಟ್ಯಾಟಿಕ್ ವೇರಿಯಬಲ್ ಮಾಡ್ಬಿಟ್ಟಿದ್ದೆ.”

“ಅಂದ್ರೆ?”

“ವೇರಿಯಬಲ್ ಅಂದ್ರೆ ಬದಲಾಗೋದು. ಸ್ಟ್ಯಾಟಿಕ್ ಅಂದ್ರೆ ಕದಲದೇ ಇರೋದು.”

“ಕದಲದೇ ಇರೋದು ಬದಲಾಗೋದು ಹೆಂಗೇ?”

“ಗೂಟ ಕದಲಲ್ಲ. ಟವಲ್ ಬದಲಾಗತ್ತೆ.”

ಅಷ್ಟು ಹೇಳಿದ ಮೇಲೆ ನನಗೆ ಮಿಕ್ಕದ್ದು ತಾನಾಗಿ ಬಿಚ್ಚಿಕೊಂಡಿತು. ಆದರೂ ಅವಳ ಬಾಯಿಂದಲೇ ಕೇಳಿದೆ, ಹೇಳಲಿ ಎಂದು. ಒಬ್ಬೊಬ್ಬರು ಬಂದಾಗ ಒಂದೊಂದು ಹೊಸ ಗೂಟ ಹುಟ್ಟುವುದಿಲ್ಲ. ಪ್ರೋಗ್ರಾಮಿಗೆಲ್ಲ ಸೇರಿ ಒಂದೇ ಗೂಟ. ಕಳವಾರದಿಂದ ಬಂದರೂ ಅದೇ, ಚಿಂತಾಮಣಿಯಿಂದ ಬಂದರೂ ಅದೇ. ಕಳವಾರದವಳು ತನ್ನ ಮನೆ ಒತ್ತಿದಾಗ ಹಸಿರು ಚೌಕುಳಿ ಟವಲ್ಲು ಗೂಟಕ್ಕೆ ಬಿತ್ತು. ಅವಳು ಕನ್ನಡಕ ಹುಡುಕಲು ಎದ್ದಳು. ಆ ನಡುವೆ ಚಿಂತಾಮಣಿ ಕಡೆಯಾಕೆ ಸುಮ್ಮನೆ ನೋಡಲು ತನ್ನ ಮನೆ ಒತ್ತಿದಳು. ಮೊದಲಿನ ಟವಲ್ಲು ಮಾಯ, ಅವಳದು ಬಂತು. ಕನ್ನಡಕ ಹಾಕಿಕೊಂಡು ಬಂದ ಕಳವಾರದವಳು ಲೆಕ್ಕ ಹಾಕಿ ‘ಕಳಿಸಿ’ ಎಂದಳು. ಪುಟ ಗೂಟ ನೋಡಿತು. ಅಲ್ಲಿ ಯಾರ ಟವಲ್ಲು ಇತ್ತೋ ಆ ಮನೆಗೆ ಕಳಿಸಿತು.

“ನಾವು ಒತ್ತಿ ನೋಡ್ದಾಗ ಸರಿ ಬಂತಲ್ಲೇ?”

“ಒಬ್ರಾದ್ಮೇಲೆ ಒಬ್ರು ಒತ್ತಿದ್ವಿ. ಒಬ್ರೇ ಇದ್ರೆ ಗೂಟ ಯಾವಾಗ್ಲೂ ಸರೀನೇ. ಇಬ್ರು ಒಟ್ಟಿಗೆ ಬಂದಾಗ್ಲೇ ಕಾಣೋದು. ಆವತ್ತು ಮಲಗಿ ಎದ್ದು ಮರೆತಿದ್ದೂ ಇದೇ ಗೂಟಾನೇ. ಆಗ್ಲೇ ನಂಗೆ ಹೊಳೀಬೇಕಿತ್ತು.” ಸ್ವಲ್ಪ ಹೊತ್ತು ಗೂಟ ನೋಡಿದಳು. “ನಾನು ಗೂಟ ಬರ್ದೆ ಅಜ್ಜಿ, ಜಗಲಿ ಬರೀಲಿಲ್ಲ.”

ಅದು ನಿಜ. ನಮ್ಮ ಗೂಟ ಇಷ್ಟು ವರ್ಷ ನಡೆದದ್ದು ಜಗಲಿಯ ದೆಸೆಯಿಂದ. ಇನ್ನೊಬ್ಬರು ಕಾಯುತ್ತಿದ್ದರು. ಹಾಗಾದರೆ ಜಗಲಿ ಬರಿ, ಒಬ್ಬರು ಮುಗಿಸುವವರೆಗೆ ಇನ್ನೊಬ್ಬರನ್ನು ಕೂರಿಸು ಎಂದೆ. ಅವಳು ಬೇಡವೆಂದು ತಲೆ ಆಡಿಸಿದಳು. ಕೂರಿಸಬಹುದಂತೆ, ಅದಕ್ಕೂ ದಾರಿ ಇದೆಯಂತೆ. ಆದರೆ ಒಬ್ಬಳು ಮನೆ ಒತ್ತಿ ಸೊಪ್ಪು ಕೊಯ್ಯಲು ತೋಟಕ್ಕೆ ಹೋದರೆ ಉಳಿದ ಊರುಗಳೆಲ್ಲ ಅವಳು ಬರುವವರೆಗೆ ಬಾಯಿ ಬಿಟ್ಟುಕೊಂಡು ಕೂರಬೇಕು. ಹುಳು ಕೂರುವುದಿಲ್ಲ. ಅವಳ ಲೆಕ್ಕ ನನ್ನದಕ್ಕಿಂತ ಸರಿಯಾಗಿತ್ತು.

“ಹಂಗಾದ್ರೆ ಏನ್ ಮಾಡ್ತೀಯ?”

“ಟವಲ್ನ ಗೂಟಕ್ಕೇ ಹಾಕಿಸಲ್ಲ. ಅವ್ರವ್ರ ಹೆಗಲ ಮೇಲೇ ಇರ್ಲಿ. ಒಂದ್ ಪುಟದಿಂದ ಇನ್ನೊಂದ್ ಪುಟಕ್ಕೆ ಹೋಗೋವಾಗ ಹಾಕ್ಕೊಂಡೇ ಹೋಗ್ಲಿ. ಕಳಿಸಿ ಅಂದಾಗ ಹೆಗಲು ನೋಡಿ ಕಳಿಸ್ತೀನಿ.”

“ಗೂಟ ಕಿತ್ತಾಕ್ತೀಯಾ?”

“ಇಲ್ಲ. ಎಲ್ರಿಗೂ ಒಂದೇ ಆಗಿರೋದು ಏನಿದ್ಯೋ ಅದನ್ನ ಮಾತ್ರ ಅಲ್ಲಿ ಹಾಕ್ತೀನಿ. ನಮ್ ಶೆಡ್ ಹೆಸ್ರು, ನಿನ್ ಫೋನ್ ನಂಬರು. ಅದು ಯಾರ್ ಬಂದ್ರೂ ಬದಲಾಗಲ್ಲ.”

ಬರೆದಳು. ಈ ಸಲ ಒತ್ತಿ ನೋಡುವಾಗ ನನ್ನನ್ನೂ ಆಟೋದವನನ್ನೂ ಅಕ್ಕಪಕ್ಕ ಕೂರಿಸಿ, ಒಬ್ಬರ ಮಧ್ಯೆ ಒಬ್ಬರು ಒತ್ತಿ ಎಂದಳು. ನಾನು ಮನೆ ಒತ್ತಿ ಬೇಕೆಂದೇ ಅಡುಗೆಮನೆಗೆ ಹೋಗಿ ಒಲೆ ನೋಡಿ ಬಂದೆ. ಅವನು ಅಷ್ಟರಲ್ಲಿ ಊರೂರು ಒತ್ತಿದ್ದ. ಬಂದು ‘ಕಳಿಸಿ’ ಎಂದೆ. ನನ್ನ ಮನೆಯೇ ಬಂತು.

ಕಳವಾರದ ಗೂಡು ಬಿಡಿಸಿದ ದಿನ ಅವಳು ನಮಗೆ ಫೋನು ಮಾಡಲಿಲ್ಲ. ಮೊಮ್ಮಗಳು ಊಟ ಮಾಡಲಿಲ್ಲ. ಕೊನೆಗೆ ನಾನೇ ಫೋನು ಮಾಡಿದೆ.

“ಏನಾಯ್ತೇ?”

“ತೊಗರಿ ಕಡ್ಡೀಲಿ ಕಟ್ಟಿದ್ದು ಅರ್ಧಕ್ಕರ್ಧ ಜೋಡಿ ಗೂಡು, ಕಲೆ ಬೇರೆ. ಅದನ್ನ ಬೇರೆ ಹಾಕಿದೀನಿ.” ತಡೆದಳು. ಸತಾಯಿಸುತ್ತಿದ್ದಳು ಎಂದು ಗೊತ್ತಾಯಿತು. “ಚಂದ್ರಿಕೇದು ಕಲ್ಲು ಕಲ್ಲು ಇದಾವೆ ಅಕ್ಕಾ. ಕೈಲಿ ಹಿಡಿದ್ರೆ ಟಣ್ ಅನ್ತಾವೆ. ಶಿಡ್ಲಘಟ್ಟದ ಮಾರ್ಕೆಟ್ಟಲ್ಲಿ ಎತ್ತಿ ಎತ್ತಿ ನೋಡ್ತಾ ಇದಾರೆ.”

“ನಿನ್ ಮಗ ಏನಂದ?”

“ಬೇವಿನ ಮರದ್ ಕೆಳಗೆ ಟೇಬಲ್ ಹಾಕ್ಕೊಂಡಿದಾನೆ. ಅಲ್ಲೇ ಟೀ ಮಾಡ್ಲಿ. ಹುಳಮನೆ ಬಾಗ್ಲಿಗೆ ಕೈ ಹಾಕಲ್ಲ ಅಂದ.”

ಮೊಮ್ಮಗಳಿಗೆ ಹೇಳಿದೆ. ಅವಳು ಎದ್ದು ಹೋಗಿ ಎರಡು ಮುದ್ದೆ ಉಂಡಳು.

ಮುಂದಿನ ಬೆಳೆಗೆ ಒಂದು ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಕಳವಾರದವಳು ನಿಂತಿದ್ದಳು. ಬಸ್ಸು ಬದಲಾಯಿಸಿ ಬಂದಿದ್ದಳು. ನೇರ ಒಳಗೆ ಬಂದು ಹಸಿರು ಚೌಕುಳಿ ಟವಲ್ಲನ್ನು ಗೂಟಕ್ಕೆ ಹಾಕಿದಳು.

“ಯಾಕೇ, ಫೋನ್ ಇಲ್ವಾ?”

“ಇದೆ. ಒತ್ತಿದೀನಿ. ಇದೂ ಇರ್ಲಿ.”

ಮೊಮ್ಮಗಳು ಜಗಲಿಯಿಂದ ನೋಡುತ್ತಿದ್ದಳು. ಲ್ಯಾಪ್‌ಟಾಪ್ ಕೂಡ ತೆಗೆಯಲಿಲ್ಲ. ಕಳವಾರದವಳಿಗೆ ಟೀ ತಂದು ಕೊಟ್ಟಳು. ಅವಳು ಕುಡಿದು, ಸಕ್ಕರೆ ಜಾಸ್ತಿ ಎಂದು ಬೈದು, ಬಸ್ಸಿಗೆ ಹೋದಳು.

ಅವಳು ಹೋದ ಮೇಲೆ ನಾನು ಟವಲ್ಲನ್ನು ಗೂಟದಿಂದ ತೆಗೆದೆ. ಆಟೋದವನು ಬಂದ, ತುಂಬಿಕೊಂಡ, ಫೋನಿನಲ್ಲಿ ಹೆಸರು ನೋಡಿಕೊಂಡ. ಟವಲ್ಲಿಗೆ ಕೈ ಚಾಚಿದ. ಕೊಡಲಿಲ್ಲ.

“ಅಮ್ಮಾ, ಆಯಮ್ಮ ನನ್ ತಲೆ ಒಡೀತಾರೆ.”

“ಹೋಗೋ ಅಪ್ಪ. ನಾನ್ ಹೇಳ್ದೆ ಅನ್ನು.”

ಹೊತ್ತು ನೆತ್ತಿಗೆ ಬರುವ ಮುಂಚೆಯೇ ಫೋನು ಬಂತು.

“ಅಕ್ಕಾ, ಬಂತು. ಲೆಕ್ಕಾನೂ ಸರಿಯಾಗಿದೆ. ಆದ್ರೆ ಟವಲ್ ಎಲ್ಲಿ?”

“ಇಲ್ಲೇ ಇದೆ. ಕೈ ಒರೆಸ್ಕೊಂಡೆ.”

“ಅದಿಲ್ದೆ ಹೆಂಗ್ ಬಂತು?”

“ನಿನ್ ಹೆಗಲ ಮೇಲೆ ಇನ್ನೊಂದು ಇದ್ಯಂತೆ. ನಮ್ ಹುಡುಗಿ ಹಾಕಿದಾಳೆ. ನಿಂಗೆ ಕಾಣಲ್ಲ.”

ಆ ಕಡೆ ಬಳೆ ಸದ್ದಾಯಿತು. ಹೆಗಲು ಮುಟ್ಟಿ ನೋಡಿಕೊಂಡಳೋ ಏನೋ.

“ಒಗೆದು ಇಡು ಅದನ್ನ,” ಎಂದಳು. “ಈ ಸಲ ಹಬ್ಬಕ್ಕೆ ಬಂದಾಗ ತಗೋತೀನಿ.”

ಒಗೆದು ಗೂಟಕ್ಕೆ ಹಾಕಿದ್ದೇನೆ. ಒಣಗುತ್ತಿದೆ.